ಸೆಲ್ಫಿಯಲ್ಲಿ ಮೂಗು ದಪ್ಪ, ಕನ್ನಡಿಯಲ್ಲಿ ಸರಿ: ಯಾವುದನ್ನು ನಂಬಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಮೂಗು, ತೂಕ, ತೋಳು, ಬಣ್ಣ. ಮದುವೆ ಗಲಾಟೆ, ಸೊಸೆ ಜಗಳದ ಪತ್ರಗಳನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟು ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಮೇಡಂ, ನನಗೆ 19 ವರ್ಷ. ಬಿ.ಕಾಂ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಪರವಾಗಿಲ್ಲ ಅನ್ನಿಸುತ್ತದೆ. ಸೆಲ್ಫಿ ತೆಗೆದರೆ ಮಾತ್ರ ಮೂಗು ಬೋಂಡಾ ಥರ ಕಾಣುತ್ತದೆ. ಫಿಲ್ಟರ್ ಇಲ್ಲದೆ ಇವತ್ತಿನವರೆಗೂ ಒಂದು ಫೋಟೋ ಸ್ಟೇಟಸ್‌ಗೆ ಹಾಕಿಲ್ಲ. ಮೂಗಿನ ಆಪರೇಷನ್‌ಗೆ ಎಷ್ಟಾಗುತ್ತದೆ ಅಂತ ಹುಡುಕುತ್ತಿದ್ದೇನೆ. ಅಮ್ಮನಿಗೆ ಹೇಳಿಲ್ಲ. (ತುಮಕೂರು)

ಉತ್ತರ: ಬೋಂಡಾ ಅಂತ ಓದಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡ. ಆಪರೇಷನ್ ಅನ್ನೋ ಸಾಲಿಗೆ ಬಂದಾಗ ನಗು ನಿಂತಿತು. ನನ್ನ ಮಗಳ ವಯಸ್ಸು ನಿನಗೆ, ಹಾಗಾಗಿ ನೀನು ಅಂತಲೇ ಕರೆಯುತ್ತೇನೆ.

ಮೊದಲು ಒಂದು ಕೆಲಸ ಮಾಡು. ರೂಮ್‌ಮೇಟ್ ಕೈಗೆ ನಿನ್ನ ಫೋನ್ ಕೊಡು. ಅವಳು ಐದು ಅಡಿ ದೂರ ನಿಂತು, ನಿನ್ನ ಮುಖದ ಮಟ್ಟದಲ್ಲಿ ಫೋನ್ ಹಿಡಿದು, ಸ್ವಲ್ಪ ಝೂಮ್ ಮಾಡಿ ಒಂದು ಫೋಟೋ ತೆಗೆಯಲಿ. ಆಮೇಲೆ ಒಂದಡಿ ದೂರದಲ್ಲಿ ಫೋನ್ ಹಿಡಿದು ನೀನೇ ಒಂದು ಸೆಲ್ಫಿ ತೆಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ಒಂದೇ ಹುಡುಗಿ, ಒಂದೇ ಫೋನ್, ಎರಡು ಮೂಗು.

ಕಾರಣ ಸರಳ. ಹಸುವಿನ ಮೂತಿ ಹತ್ತಿರ ಫೋನ್ ಹಿಡಿದು ಫೋಟೋ ತೆಗೆದರೆ ಬರೀ ಮೂತಿನೇ ದೊಡ್ಡದಾಗಿ ಬರುತ್ತದೆ, ಕೊಂಬು ಎಲ್ಲೋ ಹಿಂದೆ ಪುಟ್ಟದಾಗಿ ಕಾಣುತ್ತದೆ. ಸೆಲ್ಫಿಯಲ್ಲಿ ಆಗೋದೂ ಅದೇ. ಕ್ಯಾಮೆರಾಗೆ ಮೂಗಿನ ತುದಿ ಹತ್ತಿರ, ಕೆನ್ನೆ ಕಿವಿಗಳು ದೂರ. ಅಮೆರಿಕದ ಬೋರಿಸ್ ಪಾಸ್ಕೋವರ್ ಅನ್ನೋ ಸರ್ಜನ್ ಹತ್ತಿರ ಸೆಲ್ಫಿ ತೋರಿಸಿಕೊಂಡು ಮೂಗು ಸಣ್ಣ ಮಾಡಿ ಅಂತ ಬರುವವರು ಜಾಸ್ತಿಯಾಗಿದ್ದರು. ಅವರು ಜೊತೆಗಾರರನ್ನು ಸೇರಿಸಿಕೊಂಡು ಇದರ ಲೆಕ್ಕವನ್ನೇ ಹಾಕಿದರು, 2018ರಲ್ಲಿ ಅದು ಪ್ರಕಟವಾಯಿತು. 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ, ಮುಖದ ಅಗಲಕ್ಕೆ ಹೋಲಿಸಿದರೆ ಮೂಗು ಸುಮಾರು 30% ಅಗಲ ಕಾಣುತ್ತದೆ. ಐದು ಅಡಿ ದೂರದಿಂದ ತೆಗೆದರೆ ಈ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಅಂದರೆ ನೀನು ಆಪರೇಷನ್ ಮಾಡಿಸಬೇಕು ಅಂತಿರೋ ಆ ದಪ್ಪದಲ್ಲಿ ಒಳ್ಳೇ ಪಾಲು ನಿನ್ನ ಮುಖದ ಮೇಲೆ ಇಲ್ಲವೇ ಇಲ್ಲ, ಫೋನಿಗೂ ನಿನಗೂ ನಡುವಿನ ಆ ಒಂದಡಿಯಲ್ಲಿದೆ.

ಹಾಗಂತ ಕನ್ನಡಿ ಸತ್ಯಹರಿಶ್ಚಂದ್ರ ಏನಲ್ಲ. ಕನ್ನಡಿಯಲ್ಲಿ ನಿನ್ನ ಬಲ ಎಡವಾಗಿರುತ್ತದೆ. 1977ರಲ್ಲೇ ಅಮೆರಿಕದಲ್ಲಿ ಒಂದು ಮಜವಾದ ಪ್ರಯೋಗ ಮಾಡಿದ್ದರು. ಒಬ್ಬರ ಫೋಟೋವನ್ನು ಇದ್ದ ಹಾಗೇ ಒಂದು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಒಂದು ಪ್ರಿಂಟ್ ಹಾಕಿ, ಯಾವುದು ಚೆನ್ನಾಗಿದೆ ಅಂತ ಕೇಳಿದರು. ಫೋಟೋದಲ್ಲಿದ್ದವರು ಹೆಚ್ಚಾಗಿ ಕನ್ನಡಿಯದನ್ನು ಆರಿಸಿದರು. ಅವರ ಸ್ನೇಹಿತರು ಮಾಮೂಲಿ ಫೋಟೋವನ್ನು. ದಿನಾ ನೋಡಿದ್ದೇ ಎಲ್ಲರಿಗೂ ಚೆನ್ನ. ಈಗ ನೀನು ದಿನಾ ನೋಡುತ್ತಿರೋದು ಫಿಲ್ಟರ್ ಹಾಕಿದ ಮುಖ. ಅದು ಕಣ್ಣಿಗೆ ರೂಢಿಯಾದ ಮೇಲೆ ಸ್ವಂತ ಮುಖ ಯಾರದ್ದೋ ಅನ್ನಿಸದೆ ಇನ್ನೇನಾಗುತ್ತದೆ?

ಇನ್ನೊಂದು ಮಾತು. ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದರು, ನಾವು ನಮ್ಮನ್ನು ಅಳೆಯೋದು ನಮ್ಮಂಥವರ ಜೊತೆ ಇಟ್ಟುಕೊಂಡು ಅಂತ. ಹಾಗಾಗಿ ನಟಿಯ ಫೋಟೋಗಿಂತ ಪಕ್ಕದ ರೂಮಿನ ಹುಡುಗಿಯ ಫೋಟೋ ಜಾಸ್ತಿ ಚುಚ್ಚುತ್ತದೆ. ಕೆನಡಾದಲ್ಲಿ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತನಗಿಂತ ಚೆಂದ ಅಂತ ತಾನೇ ಅಂದುಕೊಂಡ ಗೆಳತಿಯ ಪ್ರೊಫೈಲ್ ನೋಡಿ ಕಾಮೆಂಟ್ ಹಾಕಿದ ಯುವತಿಯರಿಗೆ ಆಮೇಲೆ ತಮ್ಮ ಮೈಮುಖದ ಬಗ್ಗೆ ಬೇಜಾರು ಜಾಸ್ತಿಯಾಯಿತು. ಮನೆಯವರ ಪ್ರೊಫೈಲ್‌ಗೆ ಕಾಮೆಂಟ್ ಹಾಕಿದವರಿಗೆ ಹಾಗಾಗಲಿಲ್ಲ. ಯಾರ ಫೋಟೋ ನೋಡಿದ ಮೇಲೆ ನಿನ್ನ ಕೈ ಮೂಗಿನ ಹತ್ತಿರ ಹೋಗುತ್ತದೆ ಅಂತ ಒಂದು ವಾರ ಗಮನಿಸು. ಅಂಥವರನ್ನು ಮ್ಯೂಟ್ ಮಾಡು. ಜಗಳ ಏನಿಲ್ಲ, ಅವರಿಗೆ ಗೊತ್ತೂ ಆಗೋದಿಲ್ಲ.

ದಿನಕ್ಕೆ ಗಂಟೆಗಟ್ಟಲೆ ಮೂಗಿನ ಯೋಚನೆಯೇ ಆಗಿ, ಕ್ಲಾಸಿಗೆ ಹೋಗೋದನ್ನೇ ಬಿಡುವಷ್ಟಾದರೆ ಅದು ಬೇರೆ ಸಮಸ್ಯೆ. ಡಾಕ್ಟರುಗಳು ಅದನ್ನು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ, ಆದರೆ ಅದು ಕತ್ತರಿಯದ್ದಲ್ಲ. ಆಪರೇಷನ್ ಮಾಡಿಸಿಕೊಂಡವರಿಗೂ ಸಾಮಾನ್ಯವಾಗಿ ಸಮಾಧಾನ ಸಿಗೋದಿಲ್ಲ, ಯೋಚನೆ ಮೂಗಿನಿಂದ ತುಟಿಗೆ ಇಳಿಯುತ್ತದೆ ಅಷ್ಟೇ. ಅಮ್ಮನಿಗೆ ಹೇಳು. ಬೈದರೂ ಪರವಾಗಿಲ್ಲ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮೂರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದಾಳೆ. ಸೌತೆಕಾಯಿ, ಮಜ್ಜಿಗೆ ಅಷ್ಟೇ. ಇಡೀ ದಿನ ರೀಲ್ಸ್. ನಾನು ಮೊದಲಿಂದ ಅವಳನ್ನು ತಮಾಷೆಗೆ ಡುಮ್ಮಿ ಅಂತ ಕರೆಯುತ್ತಿದ್ದೆ, ಈಗ ಹಾಗಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ನಮ್ಮವರು ವಯಸ್ಸಿನ ಹುಚ್ಚು, ಸರಿಹೋಗುತ್ತೆ ಅನ್ನುತ್ತಾರೆ. ಎಲ್ಲಾ ಆ ಫೋನಿಂದಲೇ. ಕಿತ್ತುಕೊಂಡುಬಿಡಲಾ? ಮೂರು ತಿಂಗಳಿಂದ ನಾನೂ ಡಯಟ್ ಮಾಡುತ್ತಿದ್ದೇನೆ, ಆದರೆ ಹೀಗೆ ಊಟ ಬಿಟ್ಟಿಲ್ಲ. (ದಾವಣಗೆರೆ)

ಉತ್ತರ: ನಿಮ್ಮ ಪತ್ರದ ಕೊನೆ ಸಾಲನ್ನು ನೀವೇ ಇನ್ನೊಂದು ಸಲ ಓದಿ. ಮಗಳು ಊಟ ಬಿಟ್ಟು ಮೂರು ತಿಂಗಳು, ನೀವು ಡಯಟ್ ಶುರು ಮಾಡಿ ಮೂರು ತಿಂಗಳು. ನಿಮ್ಮನ್ನು ಬೈಯ್ಯುತ್ತಿಲ್ಲ. ಫೋನಿನ ಮೇಲೆ ಪೂರ್ತಿ ತಪ್ಪು ಹೊರಿಸುವ ಮೊದಲು ಮನೆಯೊಳಗೂ ಒಮ್ಮೆ ನೋಡೋಣ ಅಂತ ಅಷ್ಟೇ.

ಫೋನಿನದೂ ತಪ್ಪಿದೆ, ಅದನ್ನೇ ಮೊದಲು ಹೇಳುತ್ತೇನೆ. ಫಿಜಿ ಗೊತ್ತಲ್ಲ, ಪೆಸಿಫಿಕ್ ಸಾಗರದ ದ್ವೀಪ. ಅಲ್ಲಿನ ಮೂಲ ಜನರಲ್ಲಿ ಮೈಕೈ ತುಂಬಿಕೊಂಡಿರೋದೇ ಲಕ್ಷಣ. ಯಾರಾದರೂ ಸೊರಗಿದರೆ ನೆಂಟರೆಲ್ಲ ಗಾಬರಿಯಾಗುತ್ತಿದ್ದರು, ಇವಳನ್ನು ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲವೇನೋ ಅಂತ. ನಮ್ಮಲ್ಲಿ ಹಾಸ್ಟೆಲ್‌ನಿಂದ ಬಂದ ಮಕ್ಕಳಿಗೆ ಅಜ್ಜಿ ಕೇಳೋ ಮೊದಲ ಪ್ರಶ್ನೆನೇ ಅದಲ್ವಾ, "ಯಾಕೆ ಇಷ್ಟು ಸೊರಗಿದ್ದೀಯ, ಅಲ್ಲಿ ಊಟ ಸರಿಯಿಲ್ವಾ?" ಅಂತ. ಹಸಿವಾಗದೆ ಇರೋದಕ್ಕೆ ಅಲ್ಲಿ ಮಥಾಕೆ ಅಂತ ಒಂದು ಕಾಯಿಲೆಯ ಹೆಸರೇ ಇತ್ತು, ಸೊಪ್ಪಿನ ಔಷಧಿ ಕುಡಿಸುತ್ತಿದ್ದರು.

ಇಂಥ ಊರಿನಲ್ಲಿ, ನಾಡ್ರೋಗಾ ಅನ್ನೋ ಭಾಗಕ್ಕೆ, 1995ರಲ್ಲಿ ಟಿವಿ ಬಂತು. ಹಾರ್ವರ್ಡ್‌ನ ಆನ್ ಬೆಕರ್ ಟಿವಿ ಬಂದ ಹೊಸದರಲ್ಲೇ ಅಲ್ಲಿನ ಹೈಸ್ಕೂಲ್ ಹುಡುಗಿಯರನ್ನು ಮಾತನಾಡಿಸಿದರು. ಮೂರು ವರ್ಷ ಬಿಟ್ಟು, 1998ರಲ್ಲಿ ಮತ್ತೆ ಹೋದರು. ಊಟದ ಬಗ್ಗೆ ಅಪಾಯದ ಮಟ್ಟದ ಚಿಂತೆ ಇದ್ದವರು 12.7% ಇದ್ದದ್ದು 29.2% ಆಗಿತ್ತು. ತೂಕ ಇಳಿಸೋದಕ್ಕೆ ಬೇಕಂತಲೇ ವಾಂತಿ ಮಾಡುತ್ತೇವೆ ಅಂದವರು 1995ರಲ್ಲಿ ಒಬ್ಬರೂ ಇರಲಿಲ್ಲ. 1998ರಲ್ಲಿ 11.3%. ನಾಲ್ಕರಲ್ಲಿ ಮೂರು ಹುಡುಗಿಯರು ನಾನು ದಪ್ಪ ಅಂತ ಅನ್ನಿಸುತ್ತದೆ ಅಂದರು. ನನಗೆ ಈ ಅಂಕಿಗಳಲ್ಲಿ ಹೆದರಿಕೆ ಹುಟ್ಟಿಸೋದು ಆ ಸೊನ್ನೆ. ಮೂರು ವರ್ಷದ ಕೆಳಗೆ ಆ ಹುಡುಗಿಯರಲ್ಲಿ ಯಾರೂ ಮಾಡದ ಕೆಲಸ ಅದು.

ಸರಿ, ತಕರಾರೂ ಇದೆ. ಎರಡು ಸಲವೂ ಅರವತ್ತು ಚಿಲ್ಲರೆ ಹುಡುಗಿಯರಷ್ಟೇ. ಎರಡನೇ ಸಲ ಮಾತನಾಡಿಸಿದ್ದು ಬೇರೆ ಹುಡುಗಿಯರನ್ನು. ಆ ಮೂರು ವರ್ಷದಲ್ಲಿ ಊರಲ್ಲಿ ಟಿವಿ ಒಂದೇ ಬದಲಾದದ್ದು ಅಂತ ಹೇಗೆ ಹೇಳೋದು? ಆದರೆ ಆಮೇಲೆ ನಿಕರಾಗುವಾ ದೇಶದ ಕರಾವಳಿ ಹಳ್ಳಿಗಳಲ್ಲಿ ಲಿಂಡಾ ಬೂತ್‌ರಾಯ್ಡ್ ತಂಡ ಟಿವಿ ಇರೋ ಹಳ್ಳಿ, ಇಲ್ಲದ ಹಳ್ಳಿ ಅಂತ ಹೋಲಿಸಿ ನೋಡಿತು. ಟಿವಿ ಜಾಸ್ತಿ ನೋಡುವವರಿಗೆ ತೆಳ್ಳಗಿನ ಹೆಂಗಸರೇ ಚೆಂದ ಅನ್ನೋ ಅಭಿಪ್ರಾಯ ಜಾಸ್ತಿ ಇತ್ತು. ಹಾಗಾಗಿ ಫಿಜಿಯ ಕಥೆಯನ್ನು ತಳ್ಳಿಹಾಕಲು ನಾನು ತಯಾರಿಲ್ಲ. ಅದೂ ಅವರದ್ದು ಸಂಜೆ ಹೊತ್ತು ನಾಲ್ಕು ಜನ ಕೂತು ನೋಡೋ ಟಿವಿ. ನಿಮ್ಮ ಮಗಳದ್ದು ಹೊದಿಕೆಯೊಳಗಿನ ಫೋನು.

ಈಗ ಮನೆ. ಮಕ್ಕಳಿಗೆ ಮೈಯ ಬಗ್ಗೆ ಬೇಜಾರು ಬರೋದಕ್ಕೆ ಮೂರು ದಾರಿ ಅಂತ ಸಂಶೋಧಕರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ: ಮಾಧ್ಯಮ, ಗೆಳೆಯರು, ಅಪ್ಪ ಅಮ್ಮ. ಅಮೆರಿಕದ ಮಿನ್ನೆಸೋಟಾದಲ್ಲಿ ಜೆರಿಕಾ ಬರ್ಗ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪ್ಪ ಅಮ್ಮ ತೂಕದ ಬಗ್ಗೆ, ಗಾತ್ರದ ಬಗ್ಗೆ ಮಾತನಾಡುವ ಮನೆಗಳಲ್ಲಿ ಮಕ್ಕಳು ಊಟ ಬಿಡೋದು, ಅಡ್ಡದಾರಿ ಡಯಟ್ ಮಾಡೋದು ಜಾಸ್ತಿ. ತೂಕದ ಸುದ್ದಿ ಎತ್ತದೆ ಬರೀ ಒಳ್ಳೆ ಊಟದ ಬಗ್ಗೆ ಮಾತನಾಡುವ ಮನೆಗಳಲ್ಲಿ ಕಡಿಮೆ. ಮಗು ಡಯಟ್ ಶುರು ಮಾಡಿದ್ದಕ್ಕೆ ಮಾತು ಬಂತೋ, ಮಾತಿನಿಂದ ಡಯಟ್ ಶುರುವಾಯಿತೋ ಅಂತ ಆ ಅಧ್ಯಯನ ಬಿಡಿಸಿ ಹೇಳಲಾರದು. ಆದರೂ ನಾಲಿಗೆ ಬಿಗಿ ಹಿಡಿದರೆ ನಷ್ಟ ಏನಿದೆ?

ಡುಮ್ಮಿ ಅನ್ನೋದನ್ನು ಇವತ್ತಿಂದ ನಿಲ್ಲಿಸಿ. "ತಮಾಷೆಗೆ ಅಂದಿದ್ದು" ಅಂತ ವಿವರಿಸಬೇಡಿ, "ಹಾಗೆ ಅನ್ನಬಾರದಿತ್ತು ಕಣೇ" ಅಂತ ಒಂದೇ ಸಲ ಹೇಳಿ ಸುಮ್ಮನಾಗಿ. ತೂಕ ನೋಡೋ ಮಷೀನ್ ಹಾಲ್‌ನಲ್ಲಿದ್ದರೆ ಅಟ್ಟಕ್ಕೆ ಹಾಕಿ. ನೀವೂ ರಾತ್ರಿ ಅವಳ ಪಕ್ಕ ಕೂತು ಒಂದು ರೊಟ್ಟಿ, ಪಲ್ಯ, ಮೊಸರು ಊಟ ಮಾಡಿ. "ಅಯ್ಯೋ ಇವತ್ತು ಜಾಸ್ತಿ ತಿಂದೆ" ಅನ್ನಬೇಡಿ. ಅವಳ ತಟ್ಟೆಯಲ್ಲಿ ಎಷ್ಟಿದೆ ಅಂತ ಕಣ್ಣು ಹಾಕಬೇಡಿ. ಕಷ್ಟ, ನನಗೆ ಗೊತ್ತು.

ಫೋನ್ ಕಿತ್ತುಕೊಂಡರೆ ಜಗಳ ಫೋನಿನದಾಗುತ್ತದೆ, ಊಟದ್ದು ಮರೆತುಹೋಗುತ್ತದೆ. ಹೊತ್ತು ಕಡಿಮೆ ಮಾಡಿ. ಕೆನಡಾದ ಒಟಾವಾದಲ್ಲಿ 17ರಿಂದ 25 ವರ್ಷದ 220 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು, 2023ರಲ್ಲಿ ಪ್ರಕಟವಾಯಿತು. ಎಲ್ಲರೂ ಸ್ವಲ್ಪ ಆತಂಕವೋ ಮಂಕೋ ಇದ್ದವರೇ. ಅರ್ಧ ಜನಕ್ಕೆ ಮೂರು ವಾರ ಸೋಷಿಯಲ್ ಮೀಡಿಯಾ ದಿನಕ್ಕೆ ಒಂದು ಗಂಟೆ ಮಾತ್ರ ಅಂದರು. ಮೂರೇ ವಾರಕ್ಕೆ ಅವರಿಗೆ ತಮ್ಮ ತೂಕ, ರೂಪದ ಬಗ್ಗೆ ಇದ್ದ ಭಾವನೆ ಸುಧಾರಿಸಿತ್ತು. ನಿಮ್ಮ ಮಗಳು ಅವರಿಗಿಂತ ಚಿಕ್ಕವಳು, ಆದರೂ ಮಾಡಿ ನೋಡಬಹುದು. ನಿಯಮ ನಿಮಗೂ ಅಪ್ಪನಿಗೂ ಸೇರಿಸಿ ಇರಲಿ, ಇಲ್ಲದಿದ್ದರೆ ಅವಳು ಒಪ್ಪೋದಿಲ್ಲ.

ನಿಮ್ಮವರಿಗೆ ಇದನ್ನು ಓದಿಸಿ: ಬೆಳೆಯೋ ವಯಸ್ಸಿನ ಹುಡುಗಿ ಮೂರು ತಿಂಗಳು ರಾತ್ರಿ ಊಟ ಬಿಟ್ಟಿರೋದು ಹುಚ್ಚಲ್ಲ. ಈ ವಾರವೇ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಮುಟ್ಟು ನಿಂತಿದ್ದರೆ, ತಲೆ ಸುತ್ತು ಬಂದು ಬಿದ್ದರೆ, ತಿಂದ ತಕ್ಷಣ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡರೆ ವಾರವೂ ಕಾಯಬೇಡಿ. ಯಾರ ಹತ್ತಿರ ಮಾತನಾಡೋದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ನಮ್ಮ ಕಾಲದಲ್ಲೂ ಸಿನಿಮಾ ಇತ್ತು, ಗೋಡೆ ತುಂಬ ಪೋಸ್ಟರ್ ಇತ್ತು. ನಾವೇನು ಊಟ ಬಿಟ್ಟೆವಾ? ಅಷ್ಟು ತೊಂದರೆ ಇದ್ದರೆ "ಇದು ತಿದ್ದಿದ ಚಿತ್ರ" ಅಂತ ಕೆಳಗೆ ಬರೆಸಿದರೆ ಮುಗಿಯಿತಲ್ಲ. ಸಿಗರೇಟಿಗೆ ಬರೆದ ಹಾಗೆ. (ಮೈಸೂರು)

ಉತ್ತರ: ಮೇಷ್ಟ್ರೇ, ನಿಮ್ಮ ಮಾತು ಅರ್ಧ ಸರಿ. ಕ್ರಿಸ್ಟೋಫರ್ ಫರ್ಗುಸನ್ ಅನ್ನೋ ಸಂಶೋಧಕರು ನಿಮ್ಮ ಪಕ್ಷದವರು. ನೂರಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿ, ಹೆಚ್ಚಿನವರ ಮೇಲೆ ಮಾಧ್ಯಮದ ಪರಿಣಾಮ ತೀರಾ ಸಣ್ಣದು, ಮೊದಲೇ ತಮ್ಮ ಮೈಯ ಬಗ್ಗೆ ಬೇಜಾರಿದ್ದ ಹೆಣ್ಣುಮಕ್ಕಳಿಗೆ ಮಾತ್ರ ಅದು ತಟ್ಟುತ್ತದೆ ಅಂತ 2013ರಲ್ಲಿ ಬರೆದರು. ಆದರೆ ಆ ಮೊದಲೇ ಬೇಜಾರಿದ್ದವರು ಯಾರು? ನಿಮ್ಮ ಕ್ಲಾಸಿನಲ್ಲಿ ಕೊನೇ ಬೆಂಚಿನಲ್ಲಿ ಕೂರುತ್ತಿದ್ದವರೇ ಇರಬಹುದು. ಅವರು ಊಟ ಬಿಟ್ಟಿದ್ದರೂ ನಿಮಗೆ ಬಂದು ಹೇಳುತ್ತಿದ್ದರಾ? ಮತ್ತೆ ಗೋಡೆಯ ಪೋಸ್ಟರ್, ನೀವು ಎಷ್ಟು ಹೊತ್ತು ನೋಡಿದಿರಿ ಅಂತ ಲೆಕ್ಕ ಇಟ್ಟು ನಾಳೆ ಅಂಥದ್ದೇ ಹತ್ತು ಪೋಸ್ಟರ್ ನಿಮ್ಮ ಮನೆ ಬಾಗಿಲಿಗೆ ಅಂಟಿಸುತ್ತಿರಲಿಲ್ಲ. ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಂದಾಗ ಗೊತ್ತಾಯಿತಲ್ಲ, ಮೈಯ ಬಗ್ಗೆ ಬೇಜಾರಿದ್ದಾಗ ಇನ್‌ಸ್ಟಾಗ್ರಾಂ ಅದನ್ನು ಇನ್ನೂ ಹೆಚ್ಚು ಮಾಡಿತು ಅಂತ 32% ಹದಿಹರೆಯದ ಹುಡುಗಿಯರು ಅವರದೇ ಸರ್ವೆಯಲ್ಲಿ ಹೇಳಿದ್ದರು.

ನಿಮ್ಮ ಲೇಬಲ್ ಐಡಿಯಾ ನನಗೂ ಬಹಳ ಹಿಡಿಸಿತ್ತು. ಇಸ್ರೇಲ್ 2012ರಲ್ಲೇ ಕಾನೂನು ಮಾಡಿತು. ಫ್ರಾನ್ಸ್‌ನಲ್ಲಿ 2017ರಿಂದ, ಜಾಹೀರಾತಿನ ಮಾಡೆಲ್‌ನ ಮೈಯನ್ನು ಕಂಪ್ಯೂಟರಿನಲ್ಲಿ ತೆಳ್ಳಗೋ ದಪ್ಪಗೋ ಮಾಡಿದ್ದರೆ ಫೋಟೋ ತಿದ್ದಲಾಗಿದೆ ಅಂತ ಬರೆಯಲೇಬೇಕು. ಆದರೆ ಆಸ್ಟ್ರೇಲಿಯಾದ ಮಾರಿಕಾ ಟಿಗೆಮನ್ ಮತ್ತು ಜೊತೆಗಾರರು ಪ್ರಯೋಗದ ಮೇಲೆ ಪ್ರಯೋಗ ಮಾಡಿದರೂ ಲೇಬಲ್‌ನಿಂದ ಉಪಯೋಗ ಕಾಣಲಿಲ್ಲ. ಕಣ್ಣು ಎಲ್ಲಿ ಓಡುತ್ತದೆ ಅಂತ ಅಳೆಯೋ ಯಂತ್ರ ಇಟ್ಟು ನೋಡಿದರೆ, ಇಂಥ ಭಾಗವನ್ನು ತಿದ್ದಲಾಗಿದೆ ಅಂತ ಬರೆದಾಗ ನೋಡುವವರ ಕಣ್ಣು ನೇರ ಆ ಭಾಗಕ್ಕೇ ಹೋಯಿತು! ಸೊಂಟ ತಿದ್ದಿದೆ ಅಂದರೆ ಮೊದಲು ಸೊಂಟವನ್ನೇ ನೋಡುತ್ತೇವೆ. ಸುಳ್ಳು ಅಂತ ಗೊತ್ತಾದ ಮಾತ್ರಕ್ಕೆ ಆಸೆ ಹೋಗೋದಿಲ್ಲ ಮೇಷ್ಟ್ರೇ.

ಅದೇ ಟಿಗೆಮನ್ 2020ರಲ್ಲಿ ಇನ್ನೊಂದು ನೋಡಿದರು. ಒಬ್ಬಳೇ ಹುಡುಗಿಯ ಎರಡು ಫೋಟೋ: ಒಂದರಲ್ಲಿ ಹೊಟ್ಟೆ ಒಳಗೆ ಎಳೆದುಕೊಂಡು, ಬೆಳಕು ನೋಡಿಕೊಂಡು ನಿಂತಿದ್ದಾಳೆ, ಪಕ್ಕದ್ದರಲ್ಲಿ ಸುಮ್ನೆ ಕೂತಿದ್ದಾಳೆ, ಹೊಟ್ಟೆ ಮಡಿಕೆ ಬಿದ್ದಿದೆ. ಬರೀ ಚೆಂದದ ಫೋಟೋ ನೋಡಿದವರಿಗಿಂತ ಈ ಜೋಡಿಯನ್ನು ನೋಡಿದ ಯುವತಿಯರಿಗೆ ತಮ್ಮ ಮೈಯ ಬಗ್ಗೆ ಬೇಜಾರು ಕಡಿಮೆ ಇತ್ತು. ಬರೆದದ್ದನ್ನು ಯಾರು ಓದುತ್ತಾರೆ, ತೋರಿಸಬೇಕು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಬೋರ್ಡ್ ಮುಂದೆ ನಿಂತವರು ನೀವು.

ಪ್ರಶ್ನೆ: ಮೇಡಂ, ಇದೆಲ್ಲ ಹುಡುಗಿಯರದ್ದೇ ಸುದ್ದಿ. ನಾನು ಎರಡು ವರ್ಷದಿಂದ ಜಿಮ್‌ಗೆ ಹೋಗ್ತೀನ್ರಿ. ತೋಳು 15 ಇಂಚು ಆಗೈತಿ, ಆದ್ರೂ ಟೀ ಶರ್ಟ್ ಹಾಕ್ಕೊಳ್ಳಾಕ ನಾಚಿಕಿ. ಟ್ರೇನರ್ ಇಂಜೆಕ್ಷನ್ ತಗೋ ಅಂತಾನ. (ಹುಬ್ಬಳ್ಳಿ)

ಉತ್ತರ: ಇಂಜೆಕ್ಷನ್ ಬೇಡ. ಇದನ್ನು ಮೊದಲು ಹೇಳಿಬಿಡುತ್ತೇನೆ. ಅದು ಸ್ಟೆರಾಯ್ಡ್ ಆಗಿದ್ದರೆ ಹೃದಯಕ್ಕೂ ಮುಂದೆ ಮಕ್ಕಳಾಗೋದಕ್ಕೂ ತೊಂದರೆ.

ಹುಡುಗಿಯರದ್ದೇ ಸುದ್ದಿ ಅನ್ನೋದು ಸುಳ್ಳು. ಹಾರ್ವರ್ಡ್‌ನ ಹ್ಯಾರಿಸನ್ ಪೋಪ್ 1999ರಲ್ಲಿ ಗಂಡುಮಕ್ಕಳು ಆಡೋ ಗೊಂಬೆಗಳನ್ನು ಟೇಪ್ ಹಿಡಿದು ಅಳೆದರು. ಜಿ.ಐ. ಜೋ ಅನ್ನೋ ಸಿಪಾಯಿ ಗೊಂಬೆ 1964ರಲ್ಲಿ ಬಂದಾಗ, ಅದನ್ನು ಆರಡಿ ಹತ್ತಿರದ ಆಳಿನ ಎತ್ತರಕ್ಕೆ ಲೆಕ್ಕ ಹಾಕಿದರೆ ತೋಳು ಸುಮಾರು 12 ಇಂಚು. ಮೂವತ್ತು ವರ್ಷ ಕಳೆದು ಬಂದ ಗೊಂಬೆಯ ತೋಳು ಸುಮಾರು 27 ಇಂಚು! ದೊಡ್ಡ ದೊಡ್ಡ ಬಾಡಿ ಬಿಲ್ಡರ್‌ಗಳ ತೋಳೂ ಸಾಮಾನ್ಯವಾಗಿ ಅಷ್ಟು ದಪ್ಪ ಇರೋದಿಲ್ಲ. ಎಷ್ಟು ಬೆಳೆಸಿದರೂ ಸಣ್ಣ ಅನ್ನಿಸೋದಕ್ಕೆ ಮಸಲ್ ಡಿಸ್ಮಾರ್ಫಿಯಾ ಅಂತ 1997ರಲ್ಲಿ ಹೆಸರಿಟ್ಟದ್ದೂ ಅವರ ತಂಡವೇ. ನಿಮಗೆ ಅದೇ ಇದೆ ಅಂತ ಪತ್ರ ಓದಿ ನಾನು ಹೇಳಲಾರೆ. ಆದರೆ 15 ಇಂಚಿನ ತೋಳು ಇಟ್ಟುಕೊಂಡು ಫುಲ್ ಶರ್ಟ್ ಹಾಕುವವರು ಟ್ರೇನರ್ ಬದಲು ಒಬ್ಬ ಕೌನ್ಸೆಲರ್ ಹತ್ತಿರ ಕೂತು ಮಾತನಾಡಿದರೆ ಒಳ್ಳೆಯದು. ಜಿಮ್ ಬಿಡಬೇಕಾಗಿಲ್ಲ. ಟ್ರೇನರ್ ಬದಲಾಯಿಸಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ನಾನು ಕಪ್ಪಗಿದ್ದೇನೆ, ನನಗೇನೂ ಬೇಜಾರಿಲ್ಲ, ಹುಡುಗನಿಗೂ ಇಲ್ಲ. ಆದರೆ ಹುಡುಗನ ಸೋದರತ್ತೆ ನಿಶ್ಚಿತಾರ್ಥದಲ್ಲಿ ಎಲ್ಲರ ಮುಂದೆ "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅಂದರು. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ. ಆಲ್ಬಂನಲ್ಲಂತೂ ಫೋಟೋಗ್ರಾಫರ್ ನನ್ನನ್ನು ಬಿಳಿ ಮಾಡಿಬಿಟ್ಟಿದ್ದಾನೆ, ನಾನು ಅಂತ ಗುರುತೇ ಸಿಗುವುದಿಲ್ಲ. (ಮಂಡ್ಯ)

ಉತ್ತರ: ಆ "ಆದ್ರೂ" ಇದೆಯಲ್ಲ, ಅದಕ್ಕೆ ನಾನು ಇಡೀ ಒಂದು ಪುಟ ಬರೆಯಬಲ್ಲೆ. ಬೆಳ್ಳಗಾದ್ರೂ ಲಕ್ಷಣವಾಗಿದ್ದಾಳೆ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ?

ಇದನ್ನು ಟಿವಿ ಹುಟ್ಟಿಸಲಿಲ್ಲ, ಟಿವಿಗೆ ಮುಂಚೆಯೂ ಇತ್ತು. ಮಾರಿದ್ದು ಮಾತ್ರ ಟಿವಿ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. ಕಪ್ಪು ಹುಡುಗಿಗೆ ಕೆಲಸ ಇಲ್ಲ, ವರ ಇಲ್ಲ, ಕ್ರೀಮ್ ಹಚ್ಚಿದ ಮೇಲೆ ಎಲ್ಲಾ ಬಂತು ಅನ್ನೋ ಜಾಹೀರಾತುಗಳನ್ನು ನೋಡುತ್ತಲೇ ನಾವೆಲ್ಲ ದೊಡ್ಡವರಾದೆವು. ಬಣ್ಣದ ಕಾರಣಕ್ಕೆ ಯಾರನ್ನೂ ಹೀಗೆ ಕೀಳಾಗಿ, ಮದುವೆಗೋ ಕೆಲಸಕ್ಕೋ ಲಾಯಕ್ಕಿಲ್ಲದವರ ಹಾಗೆ ತೋರಿಸಬಾರದು ಅಂತ ಜಾಹೀರಾತು ಉದ್ಯಮದವರದೇ ಸಂಸ್ಥೆ ನಿಯಮ ಮಾಡಿದ್ದು 2014ರಲ್ಲಿ. ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಆದದ್ದು 2020ರಲ್ಲಿ. ಸೋದರತ್ತೆಯ "ಆದ್ರೂ" ಇನ್ನೂ ಬದಲಾಗಿಲ್ಲ, ನೋಡಿ.

ಅವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಮುಂದಿನ ಸಲ ಅಂದಾಗ ನಗುತ್ತಲೇ, "ಲಕ್ಷಣವಾಗಿದ್ದಾಳೆ ಅಂದ್ರೆ ಸಾಕಲ್ವಾ ಅತ್ತೆ, ಆದ್ರೂ ಯಾಕೆ?" ಅಂತ ಕೇಳಿ. ನೀವು ಕೇಳೋದಕ್ಕಿಂತ ಹುಡುಗನೇ ಕೇಳಿದರೆ ಇನ್ನೂ ಚೆನ್ನ.

ಫೋಟೋಗ್ರಾಫರ್‌ಗೆ ಮದುವೆಯ ಅಡ್ವಾನ್ಸ್ ಕೊಡುವಾಗಲೇ ಹೇಳಿ, ಬೆಳಕು ಏನು ಬೇಕಾದರೂ ಸರಿ ಮಾಡಿಕೊಳ್ಳಿ, ಮೈಬಣ್ಣ ಮುಟ್ಟಬೇಡಿ ಅಂತ. ವಾಟ್ಸ್ಆ್ಯಪ್‌ನಲ್ಲೂ ಒಂದು ಸಾಲು ಬರೆದು ಹಾಕಿ. ಆಲ್ಬಂ ಪ್ರಿಂಟ್ ಆದ ಮೇಲೆ ಹೇಳಿದರೆ ಮತ್ತೆ ದುಡ್ಡು ಕೇಳುತ್ತಾರೆ.